ಮನೆಗೆ ಹೋಗಿ ಕೆಲಸ ಮಾಡಿಕೊಡುವ ಸಣ್ಣ ವ್ಯವಹಾರಕ್ಕೆ ಹೆಚ್ಚು ಗ್ರಾಹಕರನ್ನು ಪಡೆಯುವುದು ಹೇಗೆ?

ಪ್ಲಂಬಿಂಗ್, ವೈರಿಂಗ್, ಕ್ಲೀನಿಂಗ್‌ನಂಥ ಕೆಲಸಕ್ಕೆ ಜನ ಹುಡುಕಾಡುವುದು ಹೆಚ್ಚಾಗಿ ಅಗತ್ಯ ಬಿದ್ದಾಗಲೇ. ಆ ಹೊತ್ತಿಗೆ ನೀವು ಅವರ ಕಣ್ಣಿಗೆ ಬೀಳಬೇಕು. ಹಾಗಾಗಿ ಜಾಹೀರಾತಿಗೆ ದುಡ್ಡು ಹಾಕುವ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ನಿಮ್ಮ ವ್ಯವಹಾರದ ವಿವರ ತೋರಿಸುವ ಪುಟ) ಮಾಡಿಕೊಳ್ಳಿ, ಅದು ಉಚಿತ. ಅಂಗಡಿ ಇಲ್ಲದಿದ್ದರೂ ಪರವಾಗಿಲ್ಲ. ಮನೆ ವಿಳಾಸ ಮರೆಮಾಡಿ, ನೀವು ಹೋಗುವ ಪ್ರದೇಶಗಳನ್ನಷ್ಟೇ ತೋರಿಸಬಹುದು.

ಯಾರ ಹೆಸರು ಮೇಲೆ ಬರಬೇಕೆಂದು ಗೂಗಲ್ ಮುಖ್ಯವಾಗಿ ಮೂರು ಅಂಶ ನೋಡಿ ನಿರ್ಧರಿಸುತ್ತದೆ: ಹುಡುಕಿದ ಕೆಲಸಕ್ಕೂ ನಿಮ್ಮ ಸೇವೆಗೂ ಇರುವ ಹೊಂದಿಕೆ, ದೂರ, ಮತ್ತು ನಿಮಗಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಹೆಸರು ಮಾತ್ರ ರಿವ್ಯೂಗಳಿಂದ ಬೆಳೆಯುತ್ತದೆ. ಕೆಲಸ ಮುಗಿದು ಗ್ರಾಹಕರು ಖುಷಿಯಾಗಿರುವಾಗಲೇ ರಿವ್ಯೂ ಕೇಳಿ, ಅದನ್ನು ಬರೆಯುವ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿ. ನಾಳೆ ಕೇಳೋಣ ಎಂದರೆ ಅವರೂ ಮರೆಯುತ್ತಾರೆ, ನೀವೂ ಮರೆಯುತ್ತೀರಿ. ರಿವ್ಯೂ ಬರೆದರೆ ರಿಯಾಯಿತಿ ಎಂದು ಮಾತ್ರ ಹೇಳಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕಿಳಿಯದೆ, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಮುಂದೆ ಬರುವ ಗ್ರಾಹಕರು ಅದನ್ನೇ ಓದುವುದು.

ಫೋನ್ ಎತ್ತಲಾಗದಿದ್ದರೆ ಸಾಧ್ಯವಾದಷ್ಟು ಬೇಗ ವಾಪಸ್ ಮಾಡಿ. ತುರ್ತಿನಲ್ಲಿರುವವರು ಕಾಯುವುದಿಲ್ಲ, ಮುಂದಿನ ನಂಬರಿಗೆ ಹೋಗುತ್ತಾರೆ.

ನನ್ನ ಪ್ರಕಾರ ಹೆಚ್ಚಿನವರು ಕಡೆಗಣಿಸುವುದು ಹಳೆಯ ಗ್ರಾಹಕರನ್ನು. ಎಸಿ ಸರ್ವಿಸ್, ಟ್ಯಾಂಕ್ ಕ್ಲೀನಿಂಗ್‌ನಂಥವು ಮತ್ತೆ ಮತ್ತೆ ಬರುವ ಕೆಲಸಗಳು. ಯಾರಿಗೆ ಯಾವಾಗ ಮಾಡಿದಿರಿ ಎಂದು ಬರೆದಿಟ್ಟುಕೊಂಡು ಸಮಯಕ್ಕೆ ಒಂದು ಮೆಸೇಜ್ ಹಾಕಿ. ಹೊಸಬರು ಬಂದಾಗ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಎಂದು ತಪ್ಪದೆ ಕೇಳಿ. ಜಾಹೀರಾತಿಗೆ ಖರ್ಚು ಮಾಡುವುದಾದರೆ ಎಲ್ಲಿ ಮಾಡಬೇಕೆಂಬುದು ಆ ಉತ್ತರಗಳಿಂದಲೇ ತಿಳಿಯುತ್ತದೆ.