ಅಡುಗೆಮನೆಗೆ ಪಾಲಿಶ್ ಕಾಂಕ್ರೀಟ್ ಆಗುತ್ತಾ?

ಹಾಲ್, ಅಡುಗೆಮನೆ ಎರಡರ ನೆಲಕ್ಕೂ ಪಾಲಿಶ್ ಕಾಂಕ್ರೀಟ್ (ಕಾಂಕ್ರೀಟನ್ನೇ ಉಜ್ಜಿ ಹೊಳಪು ಬರಿಸಿದ ನೆಲ) ಮಾಡಿಸಬಹುದಾ, ಹುಳಿ ಬಿದ್ದರೆ ಕಲೆ ಆಗುತ್ತಾ ಅಂತ ಕೇಳಿದ್ದೀರಿ. ಹಾಲ್‌ಗೆ ಧೈರ್ಯವಾಗಿ ಮಾಡಿಸಿ. ಅಡುಗೆಮನೆಗೆ ಸ್ವಲ್ಪ ಯೋಚನೆ ಮಾಡಿ.

ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ. ಹುಣಸೆ ರಸ, ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಅದನ್ನು ತಿನ್ನುತ್ತದೆ. ಒರೆಸಿದ ಮೇಲೂ ಅಷ್ಟು ಜಾಗದ ಹೊಳಪು ಹೋಗಿರುತ್ತದೆ. ಕಿಟಕಿ ಬೆಳಕಿಗೆ ಓರೆಯಾಗಿ ನೋಡಿದರೆ ಹನಿ ಹನಿಯಾಗಿ ಮಂಕು ಗುರುತು ಕಾಣುತ್ತದೆ. ಇದು ಕೊಳೆ ಅಲ್ಲ, ಸೋಪು ಹಾಕಿದರೂ ಹೋಗುವುದಿಲ್ಲ. ಮತ್ತೆ ಪಾಲಿಶ್ ಹಿಡಿಸಬೇಕು, ಅಷ್ಟೇ.

"ಡೆನ್ಸಿಫೈಯರ್ ಹಾಕ್ತೀವಿ, ಏನೂ ಆಗಲ್ಲ ಸಾರ್" ಅಂತ ಕೆಲಸದವರು ಅಂದರೆ ಸುಮ್ನೆ ಒಪ್ಪಬೇಡಿ. ಅದು ನೆಲವನ್ನು ಗಟ್ಟಿ ಮಾಡುತ್ತದೆ, ಹುಳಿಯನ್ನು ತಡೆಯುವುದಿಲ್ಲ. ಮೇಲೆ ಸೀಲರ್ (ಕಲೆ ಇಳಿಯದಂತೆ ಕಾಪಾಡುವ ಲೇಪ) ಬೇರೆ ಬೇಕು. ಸೀಲರ್ ಇದ್ದರೂ ಬಿದ್ದ ತಕ್ಷಣ ಒರೆಸಬೇಕು. ನಿಮ್ಮ ಮನೆಯಲ್ಲಿ ಅದು ಆಗುತ್ತದೆ ಅಂದರೆ ಖಂಡಿತ ಮಾಡಿಸಿ.

ಹೊಸ ಕಾಂಕ್ರೀಟ್ ಆದರೆ 28 ದಿನ ಬಿಟ್ಟು ಪಾಲಿಶ್ ಶುರು ಮಾಡಿಸಿ. ಮನೆಗೆ 400 ಅಥವಾ 800 ಗ್ರಿಟ್ (ಉಜ್ಜುವ ಪ್ಯಾಡಿನ ನುಣುಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಹೆಚ್ಚು) ಸಾಕು. 3000ದವರೆಗೆ ಹೋದರೆ ಖರ್ಚು ಜಾಸ್ತಿ, ಗುರುತುಗಳೂ ಎದ್ದು ಕಾಣುತ್ತವೆ. ಬಾತ್‌ರೂಮ್ ಆಸಿಡ್ ಮಾತ್ರ ಆ ನೆಲದ ಹತ್ತಿರ ತರಲೇಬೇಡಿ.