ಪೂರ್ಣವಿರಾಮ ಇಟ್ಟ ಮಾತ್ರಕ್ಕೆ ಇಂಗ್ಲಿಷ್ ವಾಕ್ಯ ಪೂರ್ಣವಾಗುವುದೇ?

ಪ್ರಶ್ನೆ: ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಅವಳ ಪ್ರಬಂಧದ ಪುಸ್ತಕದಲ್ಲಿ ಶಿಕ್ಷಕಿ ಕೆಲವು ಸಾಲುಗಳ ಪಕ್ಕ ‘ಫ್ರ್ಯಾಗ್ಮೆಂಟ್’ ಎಂದೂ ಇನ್ನು ಕೆಲವದರ ಪಕ್ಕ ‘ರನ್-ಆನ್’ ಎಂದೂ ಗುರುತು ಹಾಕಿರುತ್ತಾರೆ. ಚಿಕ್ಕದಾಗಿ ಬರೆದರೆ ಮೊದಲನೆಯ ತಪ್ಪು, ಉದ್ದವಾಗಿ ಬರೆದರೆ ಎರಡನೆಯದು ಎಂದು ಮಗಳು ತಿಳಿದುಕೊಂಡಿದ್ದಾಳೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅವಳಿಗೆ ಹೇಗೆ ಹೇಳಿಕೊಡಲಿ?
— ಓದುಗರು, ತಿಪಟೂರು

ಉತ್ತರ: ವಾಕ್ಯದ ಉದ್ದಕ್ಕೂ ಈ ತಪ್ಪುಗಳಿಗೂ ಸಂಬಂಧವಿಲ್ಲ ಎಂಬುದನ್ನು ಮೊದಲು ಮಗಳಿಗೆ ಮನವರಿಕೆ ಮಾಡಿಕೊಡಿ. ‘ಬರ್ಡ್ಸ್ ಫ್ಲೈ’ ಎಂಬುದು ಎರಡೇ ಪದಗಳ ಪೂರ್ಣ ವಾಕ್ಯ. ‘ದಿ ಬಾಯ್ ಹೂ ಸಿಟ್ಸ್ ನಿಯರ್ ದಿ ವಿಂಡೋ ಇನ್ ಅವರ್ ಕ್ಲಾಸ್’ ಎಂಬುದರಲ್ಲಿ ಹತ್ತು ಪದಗಳಿದ್ದರೂ ಅದು ಅಪೂರ್ಣ, ಅಂದರೆ ಫ್ರ್ಯಾಗ್ಮೆಂಟ್. ಅಲ್ಲಿರುವ ‘ಸಿಟ್ಸ್’ ಎಂಬ ಕ್ರಿಯಾಪದ ಯಾವ ಹುಡುಗ ಎಂದು ತಿಳಿಸುವುದಕ್ಕೆ ಮುಗಿದುಹೋಯಿತೇ ಹೊರತು ಆ ಹುಡುಗ ಏನು ಮಾಡಿದ ಎಂಬ ಮಾತು ಬರಲೇ ಇಲ್ಲ.

ನಮ್ಮ ಮಕ್ಕಳು ಎಡವುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ನಾಳೆ ಬರುತ್ತೇನೆ’ ಎಂದರೆ ಸಾಕು, ಬರುವವರು ಯಾರೆಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ‘ಅವರು ನಮ್ಮ ಸೋದರಮಾವ’ ಎಂಬಲ್ಲಿ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಕರ್ತೃ ಮತ್ತು ಕ್ರಿಯಾಪದ ಎರಡೂ ಎದ್ದು ಕಾಣಬೇಕು. ‘ಸಿಟ್ ಡೌನ್’ ಎಂಬಂಥ ಆಜ್ಞೆಗಳಲ್ಲಿ ಮಾತ್ರ ‘ಯೂ’ ಎಂಬ ಕರ್ತೃವನ್ನು ಅಧ್ಯಾಹಾರ ಮಾಡಿಕೊಳ್ಳುತ್ತೇವೆ.

ಹೆಚ್ಚಾಗಿ ಕಾಣುವ ಫ್ರ್ಯಾಗ್ಮೆಂಟ್ ಇದು: ‘ಐ ಡಿಡ್ ನಾಟ್ ಗೋ ಟು ಸ್ಕೂಲ್. ಬಿಕಾಸ್ ಐ ಹ್ಯಾಡ್ ಫೀವರ್.’ ಕನ್ನಡದಲ್ಲಿ ‘ನಾನು ಶಾಲೆಗೆ ಹೋಗಲಿಲ್ಲ. ಏಕೆಂದರೆ ನನಗೆ ಜ್ವರವಿತ್ತು’ ಎಂದು ಬರೆಯುವುದು ಸರಿಯೇ ಆದ್ದರಿಂದ ಮಗುವಿಗೆ ಇಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಬಿಕಾಸ್, ವೆನ್, ಇಫ್, ಆಲ್ದೋ ಮುಂತಾದ ಪದಗಳು ಮೊದಲಿಗೆ ಬಂದಾಗ, ಅವುಗಳ ನಂತರ ಕರ್ತೃ, ಕ್ರಿಯಾಪದ ಎರಡೂ ಇದ್ದರೂ ಆ ಮಾತು ಮತ್ತೊಂದು ವಾಕ್ಯವನ್ನು ಆಶ್ರಯಿಸಲೇಬೇಕು. ಹಾಗೆಂದು ‘ಬಿಕಾಸ್‌ನಿಂದ ವಾಕ್ಯ ಆರಂಭಿಸಲೇಬಾರದು’ ಎಂದು ಕಲಿಸಬೇಡಿ. ‘ಬಿಕಾಸ್ ಐ ಹ್ಯಾಡ್ ಫೀವರ್, ಐ ಡಿಡ್ ನಾಟ್ ಗೋ ಟು ಸ್ಕೂಲ್’ ಎಂಬುದು ಶುದ್ಧವಾದ ವಾಕ್ಯ. ಅನುಮಾನ ಬಂದಾಗ ಸಾಲಿನ ಮುಂದೆ ‘ಐ ಥಿಂಕ್ ದಟ್’ ಎಂದು ಸೇರಿಸಿ ಗಟ್ಟಿಯಾಗಿ ಓದಲಿ. ‘ಐ ಥಿಂಕ್ ದಟ್ ಬಿಕಾಸ್ ಐ ಹ್ಯಾಡ್ ಫೀವರ್’ ಎಂದಾಗ ಮಾತು ಮುಗಿಯದೆ ನಿಂತದ್ದು ಕಿವಿಗೇ ತಿಳಿಯುತ್ತದೆ. ಪ್ರಶ್ನೆಗಳಿಗೂ ಆಜ್ಞೆಗಳಿಗೂ ಈ ಪರೀಕ್ಷೆ ಹೊಂದುವುದಿಲ್ಲ.

‘ಮೈ ಸಿಸ್ಟರ್ ಸಿಂಗಿಂಗ್ ಇನ್ ದಿ ಕಿಚನ್’ ಎಂಬುದೂ ಫ್ರ್ಯಾಗ್ಮೆಂಟೇ; ‘ಈಸ್’ ಅಥವಾ ‘ವಾಸ್’ ಜೊತೆಗಿಲ್ಲದೆ ‘ಸಿಂಗಿಂಗ್’ ಒಂದೇ ಪೂರ್ಣ ಕ್ರಿಯಾಪದವಾಗದು.

ರನ್-ಆನ್ ಎಂದರೆ ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಸರಿಯಾದ ಕೊಂಡಿಯಿಲ್ಲದೆ ಕೂಡಿಸುವುದು: ‘ಇಟ್ ವಾಸ್ ರೇನಿಂಗ್ ವಿ ಸ್ಟೇಡ್ ಇನ್‌ಸೈಡ್.’ ನಡುವೆ ಅಲ್ಪವಿರಾಮವೊಂದನ್ನೇ ಹಾಕಿದರೆ ತಪ್ಪು ಹೋಗುವುದಿಲ್ಲ, ‘ಕಾಮಾ ಸ್ಪ್ಲೈಸ್’ ಎಂಬ ಹೆಸರು ಪಡೆಯುತ್ತದೆ. ಪೂರ್ಣವಿರಾಮ ಅಥವಾ ಅರ್ಧವಿರಾಮ ಹಾಕಬಹುದು, ಇಲ್ಲವೇ ಅಲ್ಪವಿರಾಮದೊಂದಿಗೆ ‘ಸೋ’ ಸೇರಿಸಬಹುದು. ಹೀಗೆ ಕೂಡಿಸಬಲ್ಲ ಪದಗಳು ಏಳು: ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ. ಮಕ್ಕಳು ಕೊಂಡಿಯೆಂದು ಭಾವಿಸುವ ‘ದೆನ್’, ‘ದೇರ್‌ಫೋರ್’, ‘ಹೌಎವರ್’ ಈ ಗುಂಪಿಗೆ ಸೇರಿದವಲ್ಲ.

ದಿನಚರಿ ಬರೆಯುವಾಗ ಈ ತಪ್ಪು ಸಾಲುಸಾಲಾಗಿ ಬರುತ್ತದೆ. ‘ಎದ್ದು, ಮುಖ ತೊಳೆದು, ತಿಂಡಿ ತಿಂದು, ಶಾಲೆಗೆ ಹೋದೆ’ ಎಂಬಲ್ಲಿ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಅದನ್ನೇ ಮಗು ‘ಐ ಗಾಟ್ ಅಪ್, ಐ ವಾಷ್ಡ್ ಮೈ ಫೇಸ್, ಐ ಏಟ್ ಬ್ರೇಕ್‌ಫಾಸ್ಟ್, ಐ ವೆಂಟ್ ಟು ಸ್ಕೂಲ್’ ಎಂದು ಬರೆದಾಗ ನಾಲ್ಕು ಸ್ವತಂತ್ರ ವಾಕ್ಯಗಳು ಅಲ್ಪವಿರಾಮದ ಮೇಲೆ ನಿಲ್ಲುತ್ತವೆ. ಮೊದಲನೆಯ ‘ಐ’ ಉಳಿಸಿಕೊಂಡು ಮಿಕ್ಕವನ್ನು ಬಿಟ್ಟು, ಕೊನೆಯ ಕ್ರಿಯಾಪದಕ್ಕೆ ಮುಂಚೆ ಅಲ್ಪವಿರಾಮದ ಬದಲು ‘ಅಂಡ್’ ಸೇರಿಸಿದರೆ ಅದೇ ಸಾಲು ಒಂದೇ ಒಳ್ಳೆಯ ವಾಕ್ಯವಾಗುತ್ತದೆ.

ಅಭ್ಯಾಸ ಪುಸ್ತಕಕ್ಕಿಂತ ಮಗಳ ಪ್ರಬಂಧವನ್ನೇ ಎದುರಿಗಿಟ್ಟುಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ. ಕೊನೆಯ ಸಾಲಿನಿಂದ ಆರಂಭಿಸಿ ಒಂದೊಂದೇ ವಾಕ್ಯವನ್ನು ಹಿಂದುಹಿಂದಕ್ಕೆ ಓದಲಿ; ಮುಂದಿನಿಂದ ಓದಿದಾಗ ಹಿಂದಿನ ವಾಕ್ಯದ ಅರ್ಥ ಮನಸ್ಸಿನಲ್ಲಿದ್ದು ಅಪೂರ್ಣ ಮಾತೂ ಪೂರ್ಣವಾದಂತೆ ತೋರುತ್ತದೆ. ಪ್ರತಿ ಸಾಲಿನಲ್ಲೂ ಕ್ರಿಯಾಪದಕ್ಕೆ ಅಡಿಗೆರೆ ಎಳೆದು, ಅದರ ಕರ್ತೃವಿನ ಸುತ್ತ ವೃತ್ತ ಹಾಕಲಿ. ವೃತ್ತವೋ ಗೆರೆಯೋ ಸಿಗದಿದ್ದರೆ ಫ್ರ್ಯಾಗ್ಮೆಂಟ್ ಇರಬಹುದು. ಇಂಥ ಎರಡು ಜೋಡಿಗಳ ನಡುವೆ ಕೊಂಡಿಯೇ ಇಲ್ಲದಿದ್ದರೆ ಅದು ರನ್-ಆನ್.