ಪಟ್ಟಿ ಬಿಡಿ, ಒಪ್ಪಂದ ಓದಿ

ನಮಸ್ಕಾರ.

‘ನೇಟೊ ಆಚೆ ಅಮೆರಿಕದ ಪರಮಾಪ್ತರು: ಒಂದರಿಂದ ಹತ್ತು’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ನಿಮ್ಮ ಬರವಣಿಗೆ ಸರಾಗವಾಗಿದೆ, ಎತ್ತಿಕೊಂಡ ವಿಷಯದಲ್ಲಿ ಸತ್ವವೂ ಇದೆ. ಹಾಗಾಗಿ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳದೆ, ಎಲ್ಲಿ ಎಡವಿದೆ ಎಂಬುದನ್ನು ಬಿಡಿಸಿ ಹೇಳುತ್ತಿದ್ದೇವೆ.

ಸುಲಭದ್ದು ಮೊದಲು. ನಿಮ್ಮ ಪಟ್ಟಿಯಲ್ಲಿ ಸ್ವೀಡನ್ ಆರನೆಯದು, ಫಿನ್‌ಲೆಂಡ್ ಒಂಬತ್ತನೆಯದು. ಫಿನ್‌ಲೆಂಡ್ 2023ರ ಏಪ್ರಿಲ್‌ನಲ್ಲಿ, ಸ್ವೀಡನ್ 2024ರ ಮಾರ್ಚ್‌ನಲ್ಲಿ ನೇಟೊ ಸೇನಾ ಮೈತ್ರಿಕೂಟ ಸೇರಿಯಾಗಿದೆ. ಎರಡನ್ನೂ ತೆಗೆಯಿರಿ.

ದೊಡ್ಡ ತೊಂದರೆ ಅಳತೆಗೋಲಿನದು. ಇಸ್ರೇಲ್‌ಗೆ ಮೊದಲ ಸ್ಥಾನ ಕೊಡುವಾಗ ನೆರವಿನ ಹಣ ನೋಡಿದ್ದೀರಿ. ಜಪಾನ್‌ನ ವಿಚಾರಕ್ಕೆ ಬಂದಾಗ ಅಲ್ಲಿರುವ ಸೈನಿಕರನ್ನು ಎಣಿಸಿದ್ದೀರಿ. ಆಸ್ಟ್ರೇಲಿಯಾಕ್ಕೆ ಜತೆಗೂಡಿ ಮಾಡಿದ ಯುದ್ಧಗಳನ್ನು ಲೆಕ್ಕ ಹಾಕಿದ್ದೀರಿ. ಓಟದ ಪಂದ್ಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಗೆರೆ ಎಳೆದಂತಾಯಿತು. ನಾಲ್ಕು ಪ್ರಶ್ನೆ ಇಟ್ಟುಕೊಂಡು ಪ್ರತಿ ದೇಶಕ್ಕೂ ಅವನ್ನೇ ಕೇಳಿ. ಲಿಖಿತ ರಕ್ಷಣಾ ಒಪ್ಪಂದ ಇದೆಯೇ, ಇದ್ದರೆ ಅದು ಯಾವ ನೆಲಕ್ಕೆ ಅನ್ವಯ? ಅಮೆರಿಕದ ಪಡೆ ಅಲ್ಲಿ ಕಾಯಂ ನೆಲೆಸಿದೆಯೇ? ಗುಪ್ತಚರ ಮಾಹಿತಿ ಎಷ್ಟು ಆಳಕ್ಕೆ ಹಂಚಿಕೆಯಾಗುತ್ತದೆ? ಬೇರೆಯವರಿಗೆ ಕೊಡದ ತಂತ್ರಜ್ಞಾನವನ್ನು ಈ ದೇಶಕ್ಕೆ ಕೊಟ್ಟಿದೆಯೇ? ಹೀಗೆ ಕೇಳಿದರೆ ಒಂದರಿಂದ ಹತ್ತರ ಪಟ್ಟಿ ತಾನಾಗಿ ಕುಸಿಯುತ್ತದೆ. ಕುಸಿಯಲಿ ಬಿಡಿ, ಲೇಖನ ಶುರುವಾಗುವುದೇ ಅಲ್ಲಿಂದ.

ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಡಿ. ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ ಮೂರಕ್ಕೂ ‘ನೇಟೊ ಮಾದರಿಯ ಒಪ್ಪಂದವಿದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮೂಲ ಪಠ್ಯ ತೆರೆದು ನೋಡಿ. ಒಂದೊಂದೂ ಮೂರ್ನಾಲ್ಕು ಪುಟ ದಾಟುವುದಿಲ್ಲ. ನೇಟೊ ಒಪ್ಪಂದದ 5ನೇ ವಿಧಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜತೆಗಿನ 1951ರ ಆನ್ಜಸ್ ಒಪ್ಪಂದದಲ್ಲಿ ಆ ಮಾತಿಲ್ಲ. ಪೆಸಿಫಿಕ್ ವಲಯದಲ್ಲಿ ಒಬ್ಬರ ಮೇಲೆ ದಾಳಿಯಾದರೆ ಅದು ತಮ್ಮ ಶಾಂತಿಗೂ ಅಪಾಯ, ಆಗ ತಂತಮ್ಮ ಸಾಂವಿಧಾನಿಕ ಕ್ರಮದಂತೆ ನಡೆದುಕೊಳ್ಳುತ್ತೇವೆ ಎನ್ನುವುದಷ್ಟೇ ಅದರ 4ನೇ ವಿಧಿ. ಮಾತು ಇಷ್ಟು ಸಡಿಲವಾಗಿದ್ದರೂ ಆಸ್ಟ್ರೇಲಿಯಾ 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಲ್ಲೇ ಆ ಒಪ್ಪಂದವನ್ನು ಮುಂದಿಟ್ಟು ಅಮೆರಿಕದ ಪರ ನಿಂತಿತು.

ಜಪಾನ್‌ನದು ಇನ್ನೊಂದು ಬಗೆ. 1960ರ ಪರಿಷ್ಕೃತ ಒಪ್ಪಂದದ 5ನೇ ವಿಧಿ ಜಪಾನ್ ಆಡಳಿತದಲ್ಲಿರುವ ಪ್ರದೇಶಕ್ಕೆ ಮಾತ್ರ ಸೀಮಿತ. ಪೆಸಿಫಿಕ್‌ನಲ್ಲಿರುವ ಅಮೆರಿಕದ ದ್ವೀಪ ಗುವಾಮ್ ಮೇಲೆ ದಾಳಿಯಾದರೆ ಈ ವಿಧಿಯ ಪ್ರಕಾರ ಜಪಾನ್ ಯುದ್ಧಕ್ಕಿಳಿಯಬೇಕಿಲ್ಲ. ಅದರ ಬದಲಿಗೆ ಜಪಾನ್ ಕೊಡುವುದು ನೆಲೆ. ಅದು 6ನೇ ವಿಧಿಯಲ್ಲಿದೆ. ಅಮೆರಿಕ ತನ್ನ ನೆಲದ ಹೊರಗೆ ಕಾಯಂ ಇಟ್ಟಿರುವ ಏಕೈಕ ವಿಮಾನವಾಹಕ ನೌಕೆ ಯೊಕೊಸುಕಾ ಬಂದರಿನಲ್ಲಿರುವುದು ಈ ಏರ್ಪಾಟಿನಿಂದಲೇ. ಜಪಾನ್ 2015ರಲ್ಲಿ ಕಾನೂನು ತಂದು, ತನ್ನ ಉಳಿವಿಗೇ ಕುತ್ತು ಬರುವಂಥ ಸಂದರ್ಭದಲ್ಲಿ ಮಿತ್ರರ ರಕ್ಷಣೆಗೂ ಬಲ ಬಳಸಬಹುದು ಎಂದಿತು. ಆ ಷರತ್ತನ್ನು ಬಿಟ್ಟು ಬರೆದರೆ ವಾಕ್ಯ ತಪ್ಪಾಗುತ್ತದೆ.

ಕೊರಿಯಾ ಕುರಿತು ನೀವು ಬರೆದಿರುವ 28,500 ಸೈನಿಕರ ಸಂಖ್ಯೆ ಸರಿ. ಬಿಟ್ಟಿರುವುದು ಅದಕ್ಕಿಂತ ಮುಖ್ಯವಾದದ್ದು. ಶಾಂತಿಕಾಲದಲ್ಲಿ ಕೊರಿಯಾ ಪಡೆಗಳ ನಿಯಂತ್ರಣ 1994ರಲ್ಲೇ ಕೊರಿಯಾಕ್ಕೆ ಮರಳಿದೆ, ಆದರೆ ಯುದ್ಧ ಬಂದರೆ ಜಂಟಿ ಪಡೆಯ ಚುಕ್ಕಾಣಿ ಅಮೆರಿಕದ ಜನರಲ್ ಕೈಗೆ ಹೋಗುವ ವ್ಯವಸ್ಥೆ ಇನ್ನೂ ಉಳಿದಿದೆ. ಸೈನಿಕರ ಸಂಖ್ಯೆ ಒಂದು ವಾಕ್ಯದಲ್ಲಿ ಮುಗಿಯಲಿ, ಇದಕ್ಕೆ ಒಂದು ಪ್ಯಾರಾ ಕೊಡಿ.

ಇನ್ನು ಮೂರನೇ ಪುಟದ ಈ ವಾಕ್ಯ: ‘ಪ್ರಮುಖ ನೇಟೊಯೇತರ ಮಿತ್ರರಾಷ್ಟ್ರ ಎಂಬ ಮಾನ್ಯತೆ ಸಿಕ್ಕರೆ, ಆ ದೇಶವನ್ನು ಕಾಪಾಡಲು ಅಮೆರಿಕ ಬದ್ಧ.’ ಇದು ತಪ್ಪು, ಲೇಖನದ ಅರ್ಧ ತರ್ಕ ಇದರ ಮೇಲೇ ನಿಂತಿದೆ. ಆ ಮಾನ್ಯತೆಯಿಂದ ಸಿಗುವುದು ವ್ಯಾವಹಾರಿಕ ಸವಲತ್ತು: ಹೆಚ್ಚುವರಿ ಶಸ್ತ್ರಾಸ್ತ್ರ ಪಡೆಯುವಲ್ಲಿ ಆದ್ಯತೆ, ಜಂಟಿ ಸಂಶೋಧನೆಗೆ ಉಪಕರಣಗಳ ಎರವಲು, ಅಮೆರಿಕದ ಯುದ್ಧ ದಾಸ್ತಾನು ಇರಿಸಿಕೊಳ್ಳುವ ಅವಕಾಶ ಇತ್ಯಾದಿ. ರಕ್ಷಣೆಯ ಭರವಸೆ ಅದರಲ್ಲಿಲ್ಲ. ಪಾಕಿಸ್ತಾನಕ್ಕೆ 2004ರಲ್ಲಿ, ಬ್ರೆಜಿಲ್‌ಗೆ 2019ರಲ್ಲಿ, ಕೆನ್ಯಾಕ್ಕೆ 2024ರಲ್ಲಿ ಇದೇ ಮಾನ್ಯತೆ ಸಿಕ್ಕಿತು. 2012ರಲ್ಲಿ ಅಫ್ಗಾನಿಸ್ತಾನಕ್ಕೆ ಕೊಟ್ಟದ್ದನ್ನು 2022ರಲ್ಲಿ ಹಿಂಪಡೆಯಲಾಯಿತು. ಆಪ್ತತೆ ಅಳೆಯಲು ಇದಕ್ಕಿಂತ ಮೊಂಡು ಸಾಧನ ಇನ್ನೊಂದಿಲ್ಲ.

ಇಸ್ರೇಲ್ ಭಾಗ ಇದರಿಂದಲೇ ಕೆಟ್ಟಿದೆ. ಅಲ್ಲಿ ಪರಸ್ಪರ ರಕ್ಷಣಾ ಒಪ್ಪಂದವೇ ಇಲ್ಲ. ಇರುವುದು 2016ರ ತಿಳಿವಳಿಕೆ ಪತ್ರ. 2019ರಿಂದ 2028ರವರೆಗಿನ ಹತ್ತು ಹಣಕಾಸು ವರ್ಷಗಳಿಗೆ 3,800 ಕೋಟಿ ಡಾಲರ್, ಅದರಲ್ಲಿ 500 ಕೋಟಿ ಕ್ಷಿಪಣಿ ರಕ್ಷಣೆಗೆ. ಹಾಗಿದ್ದೂ 2024ರ ಏಪ್ರಿಲ್‌ನಲ್ಲಿ ಇರಾನ್ ಹಾರಿಸಿದ ಡ್ರೋನ್, ಕ್ಷಿಪಣಿಗಳನ್ನು ಹೊಡೆದುರುಳಿಸಲು ಅಮೆರಿಕದ ಪಡೆಗಳು ಕೈಜೋಡಿಸಿದವು. ಕಾಗದದ ಮೇಲೆ ರಕ್ಷಣೆಯ ವಚನವೇ ಇಲ್ಲದ ಕಡೆ ಇಷ್ಟು ನಡೆಯುತ್ತದೆ ಎಂಬುದೇ ಓದುಗರಿಗೆ ಕುತೂಹಲ ಹುಟ್ಟಿಸುವ ಸಂಗತಿ. ಅದನ್ನು ಬಿಟ್ಟು ನೀವು ‘ಅವಿನಾಭಾವ ಸಂಬಂಧ’ ಎಂದು ಮೂರು ಸಲ ಬರೆದಿದ್ದೀರಿ.

ಒಂದೇ ದೇಶವನ್ನು ಆರಿಸಲೇಬೇಕು ಎಂದರೆ ನಮ್ಮ ಮತ ಆಸ್ಟ್ರೇಲಿಯಾಕ್ಕೆ, ಕಾರಣ ತಂತ್ರಜ್ಞಾನದ ಆ ನಾಲ್ಕನೇ ಪ್ರಶ್ನೆ. ಅಣುಶಕ್ತಿಯಿಂದ ನೌಕೆ ಓಡಿಸುವ ತಂತ್ರಜ್ಞಾನವನ್ನು ಅಮೆರಿಕ 2021ರವರೆಗೆ ಹಂಚಿಕೊಂಡಿದ್ದು ಬ್ರಿಟನ್ ಒಂದರ ಜತೆ, 1958ರಿಂದ. ಆ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮಾಡಿಕೊಂಡ ಆಕಸ್ ಒಪ್ಪಂದ ಆಸ್ಟ್ರೇಲಿಯಾವನ್ನೂ ಆ ಬಾಗಿಲೊಳಗೆ ಬಿಟ್ಟಿತು. 2023ರ ಯೋಜನೆಯಂತೆ ಮೂರು, ಬೇಕಾದರೆ ಐದು ವರ್ಜೀನಿಯಾ ದರ್ಜೆಯ ಜಲಾಂತರ್ಗಾಮಿ ನೌಕೆಗಳ ಮಾರಾಟ ಆಗಬೇಕು. ‘ಆಗಬೇಕು’ ಎಂದೇ ಬರೆಯಿರಿ, ‘ಸಿಕ್ಕಿವೆ’ ಎಂದಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಫೈವ್ ಐಸ್ ಗುಪ್ತಚರ ಕೂಟ, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಬಳಿ ಎರಡೂ ದೇಶಗಳು ಜಂಟಿಯಾಗಿ ನಡೆಸುವ ಪೈನ್ ಗ್ಯಾಪ್ ಗುಪ್ತಚರ ಕೇಂದ್ರ ಎರಡೂ ನಿಮ್ಮ ಕರಡಿನಲ್ಲಿ ಹೆಸರಿಗೂ ಇಲ್ಲ.

ನ್ಯೂಜಿಲೆಂಡ್ ಸೇರಿಸಿ. 1985ರಲ್ಲಿ ಅದು ಅಮೆರಿಕದ ‘ಬುಕಾನನ್’ ಯುದ್ಧನೌಕೆಗೆ ಬಂದರು ನಿರಾಕರಿಸಿತು. ನೌಕೆಯಲ್ಲಿ ಅಣ್ವಸ್ತ್ರ ಇದೆ ಅಥವಾ ಇಲ್ಲ ಎಂದು ಹೇಳಲು ಅಮೆರಿಕ ಒಪ್ಪಿರಲಿಲ್ಲ. ಮರುವರ್ಷ ಅಮೆರಿಕ ಆ ದೇಶದ ಮಟ್ಟಿಗೆ ಆನ್ಜಸ್ ಹೊಣೆಯನ್ನು ಅಮಾನತಿನಲ್ಲಿಟ್ಟಿತು. ಆದರೂ ನ್ಯೂಜಿಲೆಂಡ್ ಫೈವ್ ಐಸ್‌ನಲ್ಲಿ ಉಳಿಯಿತು. ನಾಲ್ಕು ಪ್ರಶ್ನೆಗೆ ನಾಲ್ಕು ಬೇರೆ ಉತ್ತರ ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಭಾರತವನ್ನು ನಾಲ್ಕನೇ ಸ್ಥಾನದಲ್ಲಿ ಕೂರಿಸಿದ್ದೀರಿ. 2016ರ ‘ಪ್ರಮುಖ ರಕ್ಷಣಾ ಪಾಲುದಾರ’ ಎಂಬ ಸ್ಥಾನಮಾನ ಮೈತ್ರಿಯಲ್ಲ, ಭಾರತ ಮೈತ್ರಿಯನ್ನು ಬಯಸಿಯೂ ಇಲ್ಲ. ಎರಡು ಸಾಲಿನಲ್ಲಿ ಇದನ್ನು ಹೇಳಿ ಮುಂದೆ ಹೋಗಿ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ, ಐದು ದೇಶ ಸಾಕು. ಪೀಠಿಕೆಯ ಮೊದಲ ಎರಡು ಪ್ಯಾರಾ ತೆಗೆದು ನೇರವಾಗಿ ಗುವಾಮ್ ಉದಾಹರಣೆಯಿಂದ ಆರಂಭಿಸಿ. ತೈವಾನನ್ನು ಇಟ್ಟುಕೊಳ್ಳುವುದಾದರೆ, 1954ರ ರಕ್ಷಣಾ ಒಪ್ಪಂದ 1980ರ ಜನವರಿ 1ಕ್ಕೆ ಕೊನೆಗೊಂಡಿತು ಎಂಬುದನ್ನೂ, ಅಮೆರಿಕದ 1979ರ ತೈವಾನ್ ಸಂಬಂಧಗಳ ಕಾಯ್ದೆ ಶಸ್ತ್ರಾಸ್ತ್ರ ಒದಗಿಸುವ ಮಾತಾಡುತ್ತದೆಯೇ ಹೊರತು ಯುದ್ಧಕ್ಕಿಳಿಯುವ ವಚನ ಕೊಡುವುದಿಲ್ಲ ಎಂಬುದನ್ನೂ ಸೇರಿಸಿ ಕಳುಹಿಸಿ.

— ಸಂಪಾದಕರು